ಫ್ರೆಂಚ್ ರಾಕ್ಸ್ ಎಂಬ ನಮ್ಮೂರು

ನೋಡಿ ಬಂದ ಊರು

ಕಳೆದ ಸಂಚಿಕೆ ಓದುಗರ ಕೈಸೇರಿದ ವಾರವೇ ಸೋದರಿಯೊಬ್ಬರು ಸಂಘದ ಕಚೇರಿಗೆ ಬಂದು ನಮ್ಮನ್ನು ವಿಚಾರಿಸಿಕೊಂಡರು. "ಯಾವಾಗ ನೋಡಿದರೂ ಬೇಲೂರು, ಹಳೇಬೀಡು, ಹಂಪೆ ಎಂದೇ ಬರೆಯುತ್ತೀರಲ್ಲ! ನಮ್ಮ ಮಗಳು ಅಳಿಯ ಫ್ರಾನ್ಸಿನಲ್ಲಿದ್ದಾರೆ. ಆ ಕಡೆಯ ಒಂದು ಪುಟ್ಟ ಊರಿನ ಚರಿತ್ರೆ, ಅಲ್ಲಿ ನೋಡತಕ್ಕ ಸ್ಥಳಗಳು, ಇಂಥದನ್ನೂ ಒಮ್ಮೆ ಬರೆಯಬಾರದೆ?" ಎಂದು ಕೇಳಿದರು.

ಕೇಳಿದ್ದು ನ್ಯಾಯವೇ. ಆದರೆ ತ್ರೈಮಾಸಿಕದ ಅಂಕಣಕಾರರನ್ನು ಫ್ರಾನ್ಸಿಗೆ ಕಳುಹಿಸಬೇಕೆಂಬ ಮಾತನ್ನು ಖಜಾಂಚಿಗಳ ಮುಂದೆ ಎತ್ತುವ ಧೈರ್ಯ ನಮಗೆ ಬರಲಿಲ್ಲ. ಪುದುಚೇರಿಗಾದರೂ ಹೋಗಿ ಬರೋಣವೆಂದರೆ, ಟಿ. ನಗರದ ನಮ್ಮ ಕನ್ನಡ ಮನೆಗಳಲ್ಲಿ ಅದನ್ನು ನೋಡದವರು ಯಾರಿದ್ದಾರೆ? ಹೀಗೆ ಚಿಂತೆಯಲ್ಲಿದ್ದಾಗ ನೆರವಿಗೆ ಬಂದವರು ಸಂಘದ ಹಿರಿಯ ಸದಸ್ಯರಾದ ನಮ್ಮ ರಾಯರು. "ಫ್ರೆಂಚ್ ಊರು ತಾನೆ ನಿಮಗೆ ಬೇಕಾದದ್ದು? ನಾನು ಹುಟ್ಟಿದ ಊರಿಗೆ ಬನ್ನಿ" ಎಂದರು.

ರಾಯರಿಗೆ ಎಂಬತ್ತೈದು ದಾಟಿದೆ. ಕೆಲಸಕ್ಕೆಂದು ಮದರಾಸಿಗೆ ಬಂದು ಅರುವತ್ತು ವರ್ಷಗಳ ಮೇಲಾಯಿತು. ಊರಿನ ಹೆಸರು ಚೆನ್ನೈ ಆದರೂ ಅವರ ಬಾಯಲ್ಲಿ ಅದು ಇಂದಿಗೂ ಮದರಾಸೇ. ಮಗನನ್ನು ನೋಡಲು ಹೊರದೇಶಕ್ಕೆ ಹೋಗಬೇಕಾಗಿ ಬಂದಾಗ, ತಮ್ಮ ಹಳೆಯ ಶಾಲಾ ಸರ್ಟಿಫಿಕೇಟನ್ನು ಹಿಡಿದು ಒಂದು ಕಚೇರಿಗೆ ಹೋದರಂತೆ. ಅದರಲ್ಲಿ ಹುಟ್ಟಿದ ಸ್ಥಳ ಎಂಬ ಕಡೆ 'ಫ್ರೆಂಚ್ ರಾಕ್ಸ್' ಎಂದು ಬರೆದಿದೆ. ಅಲ್ಲಿದ್ದ ಚಿಕ್ಕ ವಯಸ್ಸಿನ ಗುಮಾಸ್ತರು ಅದನ್ನು ನೋಡಿ, "ತಾತ, ನೀವು ಹುಟ್ಟಿದ್ದು ಫ್ರಾನ್ಸಿನಲ್ಲೋ?" ಎಂದು ಕೇಳಿದರು. "ಇಲ್ಲಪ್ಪ, ಮಂಡ್ಯದ ಹತ್ತಿರ" ಎಂದರೆ, "ಆ ಹೆಸರಿನ ಊರು ನಮ್ಮ ಪಟ್ಟಿಯಲ್ಲಿಲ್ಲವಲ್ಲ" ಎಂಬ ಉತ್ತರ. ಮೂರು ಸಲ ಅಲೆದ ಮೇಲೆ ಕೆಲಸವೇನೋ ಆಯಿತು. ಆದರೆ, "ನಾನು ಹುಟ್ಟಿದ ಊರೇ ಇಲ್ಲವಂತೆ" ಎಂಬ ಮಾತು ಮಾತ್ರ ಅವರ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಕಣ್ಣಿರುವಾಗಲೇ ಒಮ್ಮೆ ಹೋಗಿ ನೋಡಿ ಬರಬೇಕೆಂಬ ಆಸೆ ಅವರಿಗೆ. ಬರೆಯಲು ಒಂದು ಫ್ರೆಂಚ್ ಊರು ಬೇಕಾಗಿತ್ತು ನಮಗೆ. ಸಂಕ್ರಾಂತಿ ಕಳೆದ ವಾರ ಮೂರು ಮನೆಯವರು ಕೂಡಿ ಒಂದು ವ್ಯಾನು ಗೊತ್ತುಮಾಡಿದೆವು. ಅವಲಕ್ಕಿ, ಚಕ್ಕುಲಿ, ಪುಳಿಯೋಗರೆಗಳ ಡಬ್ಬಿಗಳ ಜತೆಗೆ ರಾಯರ ಮೊಮ್ಮಗಳೂ ಬಂದಳು. ಹತ್ತು ವರ್ಷದ ಹುಡುಗಿ. ಕನ್ನಡ ಮಾತನಾಡುತ್ತಾಳೆ, ಓದಲು ಬಾರದು.

ಫ್ರೆಂಚ್ ಊರಿನ ಕಥೆ ಮಂಡ್ಯದಲ್ಲಿ ಆರಂಭವಾಗುತ್ತದೆಂದು ನಾವು ತಿಳಿದಿದ್ದೆವು. ಹಾಗಲ್ಲ. ಅದು ನಮ್ಮ ಮನೆಯ ಬಾಗಿಲಲ್ಲೇ ಆರಂಭವಾಗುತ್ತದೆ. ಟಿ. ನಗರದಿಂದ ಹೊರಟು ಸೈದಾಪೇಟೆಯ ಬಳಿ ಅಡ್ಯಾರ್ ನದಿಯ ಸೇತುವೆಯನ್ನು ದಾಟುತ್ತೇವಷ್ಟೆ. ಇಂದು ಮರೈಮಲೈ ಅಡಿಗಳ ಹೆಸರನ್ನು ಹೊತ್ತಿರುವ ಆ ಸೇತುವೆಗೆ ಹಿಂದೆ ಮಾರ್ಮಲಾಂಗ್ ಸೇತುವೆ ಎಂದು ಹೆಸರಿತ್ತು. ಮಾರ್ಮಲಾಂಗ್ ಎಂದರೆ ಬೇರೇನೂ ಅಲ್ಲ, ನಮ್ಮ ಮಾಂಬಲವೇ. ಇಂಗ್ಲಿಷರ ನಾಲಗೆಯ ಮೇಲೆ ಹಾಗಾಯಿತು. ೧೭೮೦ರ ಸೆಪ್ಟೆಂಬರಿನಲ್ಲಿ ಸರ್ ಹೆಕ್ಟರ್ ಮನ್ರೋ ಎಂಬ ಇಂಗ್ಲಿಷ್ ದಂಡನಾಯಕ, ಮೈಸೂರಿನ ಹೈದರ್ ಅಲಿಗೆ ಹೆದರಿ ಕಾಂಚೀಪುರದಿಂದ ಹಿಂದೆ ಸರಿದು, ತನ್ನ ಸೈನ್ಯದೊಡನೆ ಬಂದು ಉಸಿರು ಬಿಟ್ಟದ್ದು ಈ ಮಾರ್ಮಲಾಂಗಿನಲ್ಲಿ. ಹೊರಡುವ ಮುಂಚೆ ಭಾರಿ ತೋಪುಗಳನ್ನು ಎಳೆದು ತರಲಾರದೆ ಕಾಂಚಿಯ ಕೊಳವೊಂದಕ್ಕೆ ತಳ್ಳಿ ಬಂದಿದ್ದ.

ಅಂಥ ಅವಸರವೇನಿತ್ತು ಎಂದರೆ, ಪೊಳ್ಳಿಲೂರಿನ ಯುದ್ಧ. ಕಾಂಚೀಪುರದ ಬಳಿಯ ಈ ಹಳ್ಳಿಯಲ್ಲಿ ೧೭೮೦ರ ಸೆಪ್ಟೆಂಬರ್ ೧೦ರಂದು ಕರ್ನಲ್ ಬೇಲಿಯ ಸುಮಾರು ೩,೮೦೦ ಜನರ ಪಡೆಯನ್ನು ಹೈದರನೂ ಟಿಪ್ಪುವೂ ಸುತ್ತುಗಟ್ಟಿದರು. ಬೇಲಿಯ ಮದ್ದಿನ ಬಂಡಿಗಳು ಸಿಡಿದುಹೋದವು. ಅವನ ಸೈನ್ಯ ನುಚ್ಚುನೂರಾಯಿತು. ಅಂದು ಹೈದರನ ಕಡೆ ಕಾದಿದವರಲ್ಲಿ ಲಾಲಿ ಎಂಬ ಅಧಿಕಾರಿಯ ಕೈಕೆಳಗಿನ ಒಂದು ಫ್ರೆಂಚ್ ಪಡೆಯೂ ಇತ್ತು. ಹೆದ್ದಾರಿಯಲ್ಲಿ ಕಾಂಚಿಯ ತಿರುವು ಬಂದಾಗ ಇದನ್ನೆಲ್ಲ ಹೇಳಿದೆವು. ಮೊಮ್ಮಗಳು ಕಿಟಕಿಯಿಂದ ಹೊರಗೆ ನೋಡಿ, "ತಾತಾ, ಫ್ರೆಂಚರು ಇಲ್ಲಿಗೆ ಯಾಕೆ ಬಂದ್ರು?" ಎಂದು ಕೇಳಿದಳು.

"ಕೆಲಸಕ್ಕೆ ಬಂದ್ರಮ್ಮ, ನನ್ನ ಹಾಗೆ" ಎಂದರು ರಾಯರು.

ತಮಾಷೆಗೆ ಆಡಿದ ಮಾತಾದರೂ ಅದು ನಿಜ. ಫ್ರೆಂಚರಿಗೂ ಇಂಗ್ಲಿಷರಿಗೂ ಈ ಕರಾವಳಿಯಲ್ಲಿ ಇಪ್ಪತ್ತು ವರ್ಷ ನಡೆದ ಹೋರಾಟದ ಕೊನೆಯಲ್ಲಿ, ೧೭೬೧ರ ಜನವರಿಯಲ್ಲಿ ಪುದುಚೇರಿ ಬಿದ್ದುಹೋಯಿತು. ಗೆದ್ದವರು ಕೋಟೆಯನ್ನು ಕೆಡವಿ ಊರನ್ನು ನೆಲಸಮ ಮಾಡಿದರು. ದಂಡಿನಲ್ಲಿದ್ದ ಸಿಪಾಯಿಗಳು ಎಲ್ಲಿಗೆ ಹೋಗಬೇಕು? ತಾಯ್ನಾಡು ಆರು ತಿಂಗಳ ಹಡಗಿನ ದಾರಿ. ಅದೇ ವರ್ಷ ಮೈಸೂರಿನಲ್ಲಿ ಹೈದರ್ ಅಲಿ ಅಧಿಕಾರವನ್ನು ಭದ್ರಪಡಿಸಿಕೊಳ್ಳುತ್ತಿದ್ದ. ತೋಪು ಹಾರಿಸಬಲ್ಲವರು, ಬಂದೂಕು ರಿಪೇರಿ ಬಲ್ಲವರು, ಸಾಲುಗಟ್ಟಿ ಕವಾಯತು ಮಾಡಿಸಬಲ್ಲವರು ಅವನಿಗೆ ಬೇಕಾಗಿದ್ದರು. ಸಂಬಳಕ್ಕೆ ಜನ ಬೇಕಾದವನೊಬ್ಬ, ಸಂಬಳ ಬೇಕಾದ ಜನ ಕೆಲವರು, ಸಂಬಂಧ ಕೂಡಿಬಂತು. ಹೀಗೆ ಬಂದವರಿಗೆ ರಾಜಧಾನಿ ಶ್ರೀರಂಗಪಟ್ಟಣದ ಉತ್ತರಕ್ಕೆ, ನದಿಯಾಚೆ, ಹಿರೋಡೆ ಎಂಬ ಗ್ರಾಮದ ಬಂಡೆಗುಡ್ಡಗಳ ಬಳಿ ಬೀಡು ಕೊಟ್ಟರು. ಫ್ರೆಂಚರಿದ್ದ ಬಂಡೆಗಳಾದ್ದರಿಂದ ಇಂಗ್ಲಿಷರು ಅದನ್ನು 'ಫ್ರೆಂಚ್ ರಾಕ್ಸ್' ಎಂದು ಕರೆದರು. ಹೆಸರಿನಲ್ಲಿ ಫ್ರೆಂಚರಿದ್ದಾರೆ, ಹೆಸರಿಟ್ಟ ಭಾಷೆ ಇಂಗ್ಲಿಷು, ನೆಲ ಕನ್ನಡದ್ದು! ನಮ್ಮ ರಾಯರ ಅಜ್ಜಿಗೆ ಇದಾವುದರ ಗೊಡವೆಯೂ ಇರಲಿಲ್ಲ. ಅವರ ಬಾಯಲ್ಲಿ ಅದು 'ಪೆಂಚರಾಕ್ಸು' ಆಗಿ, ಅಪ್ಪಟ ಕನ್ನಡದ ಹೆಸರಿನಂತೆಯೇ ಕೇಳಿಸುತ್ತಿತ್ತಂತೆ.

ಆ ರಾತ್ರಿ ಮಂಡ್ಯದಲ್ಲಿ ತಂಗಿ, ಮರುದಿನ ಬೆಳಗ್ಗೆ ಊರು ಸೇರಿದೆವು. ಇಂದು ಅದರ ಹೆಸರು ಪಾಂಡವಪುರ; ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕಿನ ಮುಖ್ಯ ಊರು. ಫ್ರೆಂಚ್ ಊರನ್ನು ನೋಡಲು ಹೋದವರಿಗೆ ಮೊದಲು ಎದುರಾಗುವುದು ಕಬ್ಬು. ಕಬ್ಬು ಹೊತ್ತ ಎತ್ತಿನ ಗಾಡಿ, ಕಬ್ಬು ಹೊತ್ತ ಟ್ರಾಕ್ಟರು, ರಸ್ತೆಯುದ್ದಕ್ಕೂ ಚೆಲ್ಲಿದ ಸೋಗೆ, ಎಲ್ಲೋ ಆಲೆಮನೆಯಿಂದ ಗಾಳಿಯಲ್ಲಿ ಬರುವ ಬಿಸಿ ಬೆಲ್ಲದ ವಾಸನೆ. ಕನ್ನಂಬಾಡಿ ಕಟ್ಟೆಯೂ ವಿಶ್ವೇಶ್ವರಯ್ಯ ನಾಲೆಯೂ ಆದ ಮೇಲೆ ಈ ಸೀಮೆಗೆ ಬಂದ ಭಾಗ್ಯ ಇದು. ಪುದುಚೇರಿಯಂತೆ ಹಳದಿ ಗೋಡೆಗಳಾಗಲಿ, ಕಡಲ ತೀರದ ಸಾಲು ಮನೆಗಳಾಗಲಿ ಇಲ್ಲಿಲ್ಲ. ನಮ್ಮ ತಂಡದ ಕೆಲವರ ಮುಖ ಸ್ವಲ್ಪ ಸಣ್ಣದಾಯಿತೆಂದು ಒಪ್ಪಿಕೊಳ್ಳಬೇಕು.

ಆದರೆ ಬಂಡೆಗಳಿವೆ. ಊರಿನ ಮಗ್ಗುಲಲ್ಲೇ ಎದ್ದು ನಿಂತ ಕುಂತಿಬೆಟ್ಟ ಎರಡು ಬೋಳು ಕಲ್ಲುಗುಡ್ಡಗಳ ಜೋಡಿ. ಪಾಂಡವರು ವನವಾಸದಲ್ಲಿ ತಾಯಿ ಕುಂತಿಯೊಡನೆ ಇಲ್ಲಿ ಇದ್ದರೆಂಬ ಪ್ರತೀತಿಯಿಂದ ಬೆಟ್ಟಕ್ಕೆ ಆ ಹೆಸರು ಬಂತು; ಊರಿಗೆ ಇಂದಿನ ಹೆಸರು ಬಂದುದೂ ಆ ಕಥೆಯಿಂದಲೇ. ಬೆಟ್ಟದ ಬುಡದಲ್ಲಿ ಗುಡಿಯಿದೆ, ಕೊಳವಿದೆ. ಗುಂಡುಗಳ ನಡುವೆ ಜಾಗರೂಕತೆಯಿಂದ ಹತ್ತಿದರೆ ಮೇಲಿನಿಂದ ಗದ್ದೆ, ತೆಂಗು, ಕಬ್ಬಿನ ಹಸಿರು ಕಣ್ಣು ತಣಿಯುವಷ್ಟು. ರಾಯರು ಕೆಳಗೇ ಒಂದು ಕಲ್ಲಿನ ಮೇಲೆ ಕುಳಿತು, "ಪಾಂಡವರೂ ಬಂದು ಹೋದವರೇ ನೋಡಿ. ನಮ್ಮೂರಿಗೆ ಹೆಸರು ಕೊಟ್ಟವರೆಲ್ಲ ಬಿಡಾರ ಹೂಡಿ ಹೊರಟುಹೋದವರು" ಎಂದರು.

ಬಿಡಾರ ಹೂಡಿದವರ ಪಟ್ಟಿ ಅಷ್ಟಕ್ಕೇ ಮುಗಿಯುವುದಿಲ್ಲ. ೧೭೯೨ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಪ್ರಭು, ನಿಜಾಮನ ಮತ್ತು ಮರಾಠರ ಪಡೆಗಳನ್ನು ಕೂಡಿಕೊಂಡು ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಾಗ ಪಾಳೆಯ ಬಿಟ್ಟದ್ದು ಈ ಬಂಡೆಗಳ ಬಳಿ. ಇಲ್ಲಿಂದಲೇ ಹೊರಟು ಫೆಬ್ರವರಿ ೬ರ ರಾತ್ರಿ ಟಿಪ್ಪುವಿನ ಸಾಲುಗಳ ಮೇಲೆ ಬಿದ್ದರು. ೧೭೯೯ರಲ್ಲಿ ಟಿಪ್ಪು ಮಡಿದ ಮೇಲೆ ಊರು ಇಂಗ್ಲಿಷರ ದಂಡಿನ ಠಾಣೆಯಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಕಾಲ ಮದರಾಸು ಸೈನ್ಯದ ದೇಶೀಯ ಕಾಲಾಳು ಪಡೆಗಳು ಇಲ್ಲಿದ್ದವು. ಎಂದರೆ, ಈಗ ನಾವು ಮದರಾಸಿಗೆ ಕೆಲಸಕ್ಕೆ ಹೋದಂತೆ, ಆಗ ಮದರಾಸಿನ ಸೀಮೆಯವರು ಇಲ್ಲಿಗೆ ಕೆಲಸಕ್ಕೆ ಬರುತ್ತಿದ್ದರು. ೧೮೮೨ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದಾಗ ಸ್ಟೇಷನ್ನಿಗೂ ಆ ಹಳೆಯ ಹೆಸರೇ ಆಯಿತು. ಫ್ರೆಂಚರು ಹೋಗಿ ನೂರಾರು ವರ್ಷವಾದ ಮೇಲೂ ನಮ್ಮ ಹಿರಿಯರು 'ಫ್ರೆಂಚ್ ರಾಕ್ಸ್‌ಗೆ ಎರಡು ಟಿಕೆಟು' ಎಂದು ಕೇಳುತ್ತಿದ್ದರು.

ಸ್ಟೇಷನ್ನು ಊರಿನಿಂದ ದೂರ. ಆದರೂ ರಾಯರು ಅಲ್ಲಿಗೆ ಹೋಗಲೇಬೇಕೆಂದರು. ಮದರಾಸಿಗೆ ಮೊದಲ ಸಲ ಹೊರಟಾಗ ಅವರ ತಂದೆ ಇಲ್ಲಿಂದಲೇ ಹತ್ತಿಸಿ ಕಳುಹಿಸಿದ್ದರಂತೆ. ಪ್ಲಾಟ್‌ಫಾರಂ ಕೊನೆಯ ಹಳದಿ ಹಲಗೆಯ ಮುಂದೆ ಅವರು ಬಹಳ ಹೊತ್ತು ನಿಂತರು. ಮೊಮ್ಮಗಳು ಪಕ್ಕದಲ್ಲಿ ನಿಂತು ಹಲಗೆಯ ಇಂಗ್ಲಿಷ್ ಸಾಲನ್ನು ಓದಿದಳು, ಹಿಂದಿಯ ಸಾಲನ್ನು ಓದಿದಳು. ಕನ್ನಡದ ಸಾಲಿಗೆ ಬಂದು ನಿಂತಳು. "ಇದರಲ್ಲಿ ಪಾ ಯಾವುದು ತಾತಾ?" ಎಂದು ಕೇಳಿದಳು. ರಾಯರು ಉತ್ತರ ಹೇಳದೆ ನಮ್ಮ ಕಡೆ ತಿರುಗಿ, "ಹಳೇ ಹೆಸರು ಹೋಗಿದೆ ಅಂತ ನಾನು ಕೊರಗ್ತಾ ಇದ್ದೆ. ಹೊಸ ಹೆಸರನ್ನೂ ನಮ್ಮನೆ ಮಗು ಓದಲಾರದಲ್ಲ" ಎಂದರು. ನಮ್ಮಲ್ಲಿ ಯಾರೂ ಮಾತನಾಡಲಿಲ್ಲ. ವ್ಯಾನಿನಲ್ಲಿದ್ದ ಆರು ಮಕ್ಕಳಲ್ಲಿ ಕನ್ನಡ ಓದಬಲ್ಲವರು ಇಬ್ಬರು.

ಮಧ್ಯಾಹ್ನ ಶ್ರೀರಂಗಪಟ್ಟಣಕ್ಕೆ ಹೋದೆವು. ಪಾಂಡವಪುರದಿಂದ ಹತ್ತು ಕಿಲೋಮೀಟರಿನ ಆಸುಪಾಸು. ಬಂಡೆಗಳ ಬಳಿ ವಾಸವಾಗಿದ್ದವರ ಮುಖವನ್ನು ನೋಡಬೇಕಾದರೆ ಇಲ್ಲಿಗೇ ಬರಬೇಕು. ಟಿಪ್ಪು ೧೭೮೪ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಪಡುವಣ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧದ ದೊಡ್ಡ ಚಿತ್ರವಿದೆ. ಗಾಯಗೊಂಡ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಮದ್ದಿನ ಬಂಡಿ ಸಿಡಿಯುತ್ತಿದೆ. ದೂರದರ್ಶಕವನ್ನು ಕೈಯಲ್ಲಿ ಹಿಡಿದ ಲಾಲಿಯೂ ಇದ್ದಾನೆ. ಕಾಂಚಿಯ ತಿರುವಿನಲ್ಲಿ ಬಾಯಲ್ಲಿ ಹೇಳಿದ್ದೆಲ್ಲ ಇಲ್ಲಿ ಗೋಡೆಯ ಮೇಲೆ ಕಂಡು ಮಕ್ಕಳು ಕುಣಿದಾಡಿದರು. ಚಿತ್ರ ಮಾಸಿಹೋಗಿದ್ದುದನ್ನು ಡಾಲ್‌ಹೌಸಿ ಪ್ರಭು ಮತ್ತೆ ಬರೆಸಿದ; ಸೋತವರ ಕಡೆಯವನೇ ಸೋಲಿನ ಚಿತ್ರವನ್ನು ಉಳಿಸಿದ್ದು ವಿಚಿತ್ರ. ಬೇಲಿ ಇದೇ ಪಟ್ಟಣದ ಸೆರೆಯಲ್ಲಿ ೧೭೮೨ರಲ್ಲಿ ತೀರಿಕೊಂಡ. ಅವನ ಸ್ಮಾರಕ ಗುಂಬಜ್‌ನ ಸಮೀಪದಲ್ಲಿದೆ.

ಫ್ರಾನ್ಸಿಗೂ ಈ ದ್ವೀಪಕ್ಕೂ ನಡೆದ ವ್ಯವಹಾರ ಸಿಪಾಯಿಗಳ ಮಟ್ಟದಲ್ಲೇ ನಿಲ್ಲಲಿಲ್ಲ. ಟಿಪ್ಪು ಕಳುಹಿಸಿದ ಮೂವರು ರಾಯಭಾರಿಗಳು ೧೭೮೭ರಲ್ಲಿ ಪುದುಚೇರಿಯಿಂದ ಹಡಗು ಹತ್ತಿ, ೧೭೮೮ರ ಆಗಸ್ಟ್ ೧೦ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಪ್ಯಾರಿಸಿನ ಜನ ಇವರ ಪೇಟ, ನಿಲುವಂಗಿಗಳನ್ನು ನೋಡಲು ಮುಗಿಬಿದ್ದರು. ರಾಜ ಆದರವನ್ನು ತೋರಿದ, ಉಡುಗೊರೆ ಕೊಟ್ಟ, ಸೈನ್ಯವನ್ನು ಮಾತ್ರ ಕೊಡಲಿಲ್ಲ. ಮರುವರ್ಷ ಅವನ ಸಿಂಹಾಸನವೇ ಅಲುಗಿತು. ೧೭೯೭ರಲ್ಲಿ ರಿಪೋ ಎಂಬ ಫ್ರೆಂಚ್ ಹಡಗುಗಾರ ಶ್ರೀರಂಗಪಟ್ಟಣದಲ್ಲಿ ಕ್ರಾಂತಿಯ ಬಾವುಟವನ್ನು ಹಾರಿಸಿ ಸಭೆ ನಡೆಸಿದನೆಂದು, ತಮ್ಮ ಕೈಗೆ ಸಿಕ್ಕ ಕಾಗದಪತ್ರಗಳನ್ನು ಇಂಗ್ಲಿಷರು ಅಚ್ಚುಹಾಕಿಸಿದರು. ಅವುಗಳಲ್ಲಿ ನಿಜವೆಷ್ಟು, ಕಟ್ಟುಕಥೆಯೆಷ್ಟು ಎಂದು ಚರಿತ್ರಕಾರರು ಇನ್ನೂ ವಾದಿಸುತ್ತಿದ್ದಾರೆ. ೧೭೯೮ರಲ್ಲಿ ಮಾರಿಷಸ್ ದ್ವೀಪದಿಂದ ಮಂಗಳೂರಿಗೆ ಬಂದಿಳಿದ ಸಹಾಯಕರು ನೂರು ಜನವೂ ಇರಲಿಲ್ಲ. ಈಜಿಪ್ಟಿನಿಂದ ನೆಪೋಲಿಯನ್ ಬರೆದ ಕಾಗದ ದಾರಿಯಲ್ಲೇ ಇಂಗ್ಲಿಷರ ಕೈಸೇರಿತು. ೧೭೯೯ರ ಮೇ ೪ರಂದು ಕೋಟೆ ಬಿತ್ತು. ಅಳಿದುಳಿದ ಫ್ರೆಂಚರು ಸೆರೆಸಿಕ್ಕರು.

ಕಾವೇರಿಯ ದಡದ ಬಳಿ ಇಂಗ್ಲಿಷರ ದಂಡಿನ ಹಳೆಯ ಗೋರಿಗಳ ತೋಟವಿದೆ. ಅಲ್ಲಿ ಮಲಗಿರುವವರಲ್ಲಿ ಅನೇಕರು ದ ಮ್ಯೂರೋನ್ ಎಂಬ ಸ್ವಿಸ್ ಪಡೆಯವರು. ಸ್ವಿಟ್ಸರ್ಲೆಂಡಿನ ಫ್ರೆಂಚ್ ನುಡಿಯ ಸೀಮೆಯಲ್ಲಿ ಹುಟ್ಟಿದ ಈ ಪಡೆ ಮೊದಲು ಡಚ್ಚರ ಸಂಬಳದಲ್ಲಿತ್ತು. ೧೭೯೫ರಲ್ಲಿ ಇಂಗ್ಲಿಷರ ಸಂಬಳಕ್ಕೆ ಸೇರಿ, ೧೭೯೯ರಲ್ಲಿ ಈ ಕೋಟೆಯನ್ನು ಹತ್ತಿತು. ಹೀಗೆ ಫ್ರೆಂಚ್ ಮಾತನಾಡುವವರು ಗೋಡೆಯ ಒಳಗೂ ಇದ್ದರು, ಹೊರಗೂ ಇದ್ದರು. ಪಾಳುಬಿದ್ದಿದ್ದ ಆ ತೋಟವನ್ನು ಈಚೆಗೆ ಮ್ಯೂರೋನ್ ವಂಶದವರೇ ಮುಂದೆ ಬಂದು ದುರಸ್ತಿ ಮಾಡಿಸಿದರು. ಇನ್ನೂರು ವರ್ಷದ ಮೇಲೂ ತಮ್ಮವರು ಯಾವ ಊರಿನ ಮಣ್ಣಿನಲ್ಲಿದ್ದಾರೆಂಬುದನ್ನು ಒಂದು ಮನೆತನ ನೆನಪಿಟ್ಟುಕೊಂಡಿತ್ತಲ್ಲ ಎಂದು ನಮಗೆ ಸೋಜಿಗವಾಯಿತು.

ಆದರೆ ನಮ್ಮ ಮನಸ್ಸಿನಲ್ಲಿ ನಿಂತ ಫ್ರೆಂಚ್ ಮನುಷ್ಯ ಸಿಪಾಯಿಯಲ್ಲ, ಒಬ್ಬ ಪಾದ್ರಿ. ಅಬ್ಬೆ ದ್ಯುಬುವಾ ಅವರು ೧೭೯೨ರಲ್ಲಿ ಫ್ರಾನ್ಸನ್ನು ಬಿಟ್ಟು ಪುದುಚೇರಿಗೆ ಬಂದವರು. ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಇಲ್ಲಿನ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ದ್ವೀಪದಲ್ಲಿ ಅವರು ಕಟ್ಟಿಸಿದ ಇಗರ್ಜಿ ಇಂದಿಗೂ ಅವರ ಹೆಸರಿನಿಂದಲೇ ಹೆಸರಾಗಿದೆ. ಇಲ್ಲಿನವರ ಉಡುಪನ್ನು ಉಟ್ಟು, ಇಲ್ಲಿನವರ ಊಟವನ್ನು ಉಂಡು, ಇಲ್ಲಿನವರ ನಡುವೆ ಬಾಳಿದ ಅವರನ್ನು ಜನ 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಸಿಡುಬು ಮನೆಮನೆಯನ್ನು ಬರಿದುಮಾಡುತ್ತಿದ್ದ ಕಾಲ ಅದು. ಇಂಗ್ಲೆಂಡಿನಲ್ಲಿ ಜೆನ್ನರ್ ದೇವಿ ಹಾಕುವ ಕ್ರಮವನ್ನು ಪ್ರಕಟಿಸಿ ಐದಾರು ವರ್ಷವಾಗಿತ್ತಷ್ಟೆ. ೧೮೦೩-೦೪ರಲ್ಲಿ ದ್ಯುಬುವಾ ಅವರ ಮುತುವರ್ಜಿಯಿಂದ ೨೫,೪೩೨ ಜನರಿಗೆ ದೇವಿ ಹಾಕಲಾಯಿತೆಂದು ಲೆಕ್ಕವಿದೆ. ಹಾಸನ ಸೀಮೆಯ ಸಾತಳ್ಳಿಯಲ್ಲಿ ನೆಲೆಯಿಲ್ಲದ ರೈತರಿಗೆ ಅವರು ಬೇಸಾಯದ ಊರೊಂದನ್ನು ಕಟ್ಟಿಕೊಟ್ಟರು. ನಮ್ಮವರ ನಡೆನುಡಿ, ಆಚಾರಗಳನ್ನು ಕುರಿತ ಅವರ ಪುಸ್ತಕದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ೨,೦೦೦ ವರಹಕ್ಕೆ ಕೊಂಡಿತು. ಅದರ ಇಂಗ್ಲಿಷ್ ಅನುವಾದ ೧೮೧೬ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆ ಪುಸ್ತಕದ ಬಹುಭಾಗ ಅವರಿಗಿಂತ ಹಿಂದಿನ ಕೂರ್ದು ಎಂಬ ಇನ್ನೊಬ್ಬ ಫ್ರೆಂಚ್ ಪಾದ್ರಿಯ ಬರಹವೆಂದು ಸಿಲ್ವಿಯಾ ಮುರ್ ಎಂಬ ವಿದ್ವಾಂಸೆ ಈಚೆಗೆ, ೧೯೮೭ರಲ್ಲಿ, ತೋರಿಸಿಕೊಟ್ಟಿದ್ದಾರೆ. ಪುಸ್ತಕದ ಕೀರ್ತಿಯಲ್ಲಿ ಪಾಲು ಹೇಗಾದರೂ ಆಗಲಿ. ಸಿಡುಬಿನಿಂದ ಉಳಿದ ಮಕ್ಕಳ ಲೆಕ್ಕದಲ್ಲಿ ಪಾಲು ಕೇಳುವವರಿಲ್ಲ. ೧೮೨೩ರಲ್ಲಿ ಫ್ರಾನ್ಸಿಗೆ ಹಿಂತಿರುಗಿದ ಅವರು ೧೮೪೮ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು.

ಮೂರನೆಯ ದಿನ ಬೆಳಗ್ಗೆ ಪಾಂಡವಪುರಕ್ಕೆ ಹತ್ತಿರದಲ್ಲೇ ಇರುವ ಕೆರೆ ತೊಣ್ಣೂರಿಗೆ ಹೋದೆವು. ಇದು ಹೊಯ್ಸಳರ ಕಾಲದ ತೊಂಡನೂರು. ಎರಡು ಗುಡ್ಡಗಳ ನಡುವೆ ಏರಿಯನ್ನು ಕಟ್ಟಿ ನಿಲ್ಲಿಸಿದ ನೀರು. ಜನವರಿಯ ಬಿಸಿಲಿನಲ್ಲಿ ಅದರ ತಿಳಿಯನ್ನು ಕಂಡವರು ಬೇಗ ಅಲ್ಲಿಂದ ಏಳುವುದಿಲ್ಲ. ೧೭೪೬ರಲ್ಲಿ ಈ ಕಡೆ ದಂಡು ತಂದಿದ್ದ ನಿಜಾಮನ ಮಗ ನಾಸಿರ್ ಜಂಗ್ ಅದನ್ನು ನೋಡಿ 'ಮೋತಿ ತಲಾಬ್', ಮುತ್ತಿನ ಕೆರೆ, ಎಂದು ಹೆಸರಿಟ್ಟನಂತೆ. ಕೆರೆಯನ್ನು ಕಟ್ಟಿಸಿದವರು ರಾಮಾನುಜಾಚಾರ್ಯರೆಂದೂ, ತಿರುಮಲಸಾಗರವೆಂದು ಕರೆದವರು ಅವರೇ ಎಂದೂ ಪ್ರತೀತಿ. ಹತ್ತಿರದಲ್ಲೇ ನಂಬಿನಾರಾಯಣನ ಗುಡಿ. ವಿಷ್ಣುವರ್ಧನನ ಕಾಲದ ಐದು ನಾರಾಯಣರಲ್ಲಿ ಒಬ್ಬನೆಂದು ಎಣಿಸುವ ದೊಡ್ಡ ಮೂರ್ತಿ. ಇನ್ನೂ ಮುಂದೆ ಹೋದರೆ ಮೇಲುಕೋಟೆ.

ಏರಿಯ ಮೇಲೆ ಕುಳಿತು ಬುತ್ತಿ ಬಿಚ್ಚಿದಾಗ ನಮಗೆ ನೆನಪಾದದ್ದು ನಾವು ಬಂದ ದಾರಿ. ರಾಮಾನುಜರು ಹುಟ್ಟಿದ ಶ್ರೀಪೆರುಂಬುದೂರನ್ನು ನಾವು ಮೊದಲ ದಿನದ ಬೆಳಗ್ಗೆ, ಟಿ. ನಗರ ಬಿಟ್ಟು ಇನ್ನೂ ಕಾಫಿ ಕೂಡ ಕುಡಿಯುವುದಕ್ಕೆ ಮುಂಚೆ, ದಾಟಿದ್ದೆವು. ಸುಮಾರು ಒಂಬತ್ತು ಶತಮಾನಗಳ ಹಿಂದೆ ಆಚಾರ್ಯರು ತಮಿಳು ಸೀಮೆಯನ್ನು ಬಿಟ್ಟು ಇತ್ತ ಬಂದರು. ಅವರೂ ನಮ್ಮ ಹಾಗೆಯೇ, ನಾವು ಹೋದ ದಿಕ್ಕಿಗೆ ಎದುರಾಗಿ, ಪರಸೀಮೆಗೆ ಬಂದವರು. ಅವರೊಡನೆಯೂ ಅವರ ಹಿಂದೆಯೂ ಬಂದು ನೆಲೆಸಿದ ಮನೆಗಳಲ್ಲಿ ಇಂದಿಗೂ ಒಂದು ಬಗೆಯ ತಮಿಳಿದೆ. ಆ ಮನೆಗಳಿಂದಲೇ ಕನ್ನಡಕ್ಕೆ ಪು.ತಿ.ನ. ಬಂದರು, ೧೯೦೫ರಲ್ಲಿ ಮೇಲುಕೋಟೆಯಲ್ಲಿ, ಎಂದರೆ ಇದೇ ಪಾಂಡವಪುರ ತಾಲ್ಲೂಕಿನಲ್ಲಿ, ಹುಟ್ಟಿದವರು. ಮನೆಮಾತು ತಮಿಳಾಗಿದ್ದ ಮಾಸ್ತಿಯವರು ೧೯೮೩ರ ಜ್ಞಾನಪೀಠವನ್ನು ಕನ್ನಡಕ್ಕೆ ತಂದುಕೊಟ್ಟರು. ಒಳಗೆ ಮನೆಮಾತನ್ನು ಬಿಡಲಿಲ್ಲ, ಹೊರಗೆ ನೆಲದ ಮಾತನ್ನು ತಮ್ಮದಲ್ಲವೆನ್ನಲಿಲ್ಲ. ಒಂದನ್ನು ಉಳಿಸಿಕೊಳ್ಳಬೇಕಾದರೆ ಇನ್ನೊಂದನ್ನು ಕಳೆದುಕೊಳ್ಳಬೇಕೆಂದು ನಮ್ಮಲ್ಲಿ ಕೆಲವರು ವಾದಿಸುತ್ತಾರಲ್ಲ, ಅವರು ಒಮ್ಮೆ ಮೇಲುಕೋಟೆಗೆ ಹೋಗಿ ಬರಬೇಕು.

ಮೂರು ದಿನದ ಕೆಳಗೆ ಫ್ರೆಂಚ್ ಊರನ್ನು ನೋಡಬೇಕೆಂದು ಹೊರಟ ನಮಗೆ, ಫ್ರೆಂಚರಿಂದ ಈ ಊರಿಗೆ ಏನು ಉಳಿಯಿತೆಂಬ ಲೆಕ್ಕ ಆ ಏರಿಯ ಮೇಲೆ ತಾನಾಗಿಯೇ ಮನಸ್ಸಿಗೆ ಬಂತು. ಸಂಬಳಕ್ಕೆ ಬಂದ ಸಿಪಾಯಿಗಳು ತಮ್ಮ ಹೆಸರನ್ನು ಬಿಟ್ಟುಹೋದರು; ಅದೂ ತಮ್ಮ ಭಾಷೆಯಲ್ಲಲ್ಲ; ಕೊನೆಗೆ ಅದೂ ಹೋಯಿತು. ಅವರ ಮೇಲೆ ನಮಗೆ ದೂರೇನಿಲ್ಲ. ಹೊಟ್ಟೆಪಾಡಿಗೆ ಬಂದವರು, ದುಡಿದರು, ಮಡಿದರು. ನಾವೂ ಹೊಟ್ಟೆಪಾಡಿಗೇ ಮದರಾಸಿಗೆ ಬಂದವರು. ಆದರೆ ಬಂದ ನೆಲದ ಮಕ್ಕಳಿಗೆ ದೇವಿ ಹಾಕಿಸಿದವರೂ ಪರಸೀಮೆಯವರೇ, ಕೆರೆ ಕಟ್ಟಿಸಿದರೆಂದು ಜನ ಇಂದಿಗೂ ನೆನೆಯುವವರೂ ಪರಸೀಮೆಯವರೇ.

ಇನ್ನೊಂದು ಮಾತು. ಟಿ. ನಗರಕ್ಕೆ ಹಿಂತಿರುಗಿದ ಮೇಲೆ ಹೊಳೆದದ್ದು. ನಾವಿರುವ ಈ ಬಡಾವಣೆಯೂ ಒಂದು ಕೆರೆಯ ಅಂಗಳವೇ. ೧೯೨೩ರಿಂದ ಈಚೆಗೆ ಮಾಂಬಲದ ಉದ್ದನೆಯ ಕೆರೆಯನ್ನು ಬತ್ತಿಸಿ ಈ ನಗರವನ್ನು ಕಟ್ಟಿದರು, ಸರ್ ಪಿ. ತ್ಯಾಗರಾಯ ಚೆಟ್ಟಿಯವರ ಹೆಸರನ್ನಿಟ್ಟರು. ಪಶ್ಚಿಮ ಮಾಂಬಲದಲ್ಲಿ ಲೇಕ್ ವ್ಯೂ ರಸ್ತೆ ಎಂದೊಂದಿದೆ. ಅಲ್ಲಿ ನಿಂತು ಎತ್ತ ನೋಡಿದರೂ ಕೆರೆ ಕಾಣುವುದಿಲ್ಲ. ಫ್ರೆಂಚರಿಲ್ಲದ ಫ್ರೆಂಚ್ ರಾಕ್ಸ್ ಹೇಗೋ, ಕೆರೆಯಿಲ್ಲದ ಲೇಕ್ ವ್ಯೂ ಹಾಗೆ. ಕನ್ನಡ ಓದುವವರಿಲ್ಲದ ಕನ್ನಡ ಸಂಘವೆಂಬುದೂ ಆ ಪಟ್ಟಿಗೆ ಸೇರಬಾರದೆಂಬುದೊಂದೇ ನಮ್ಮ ಪ್ರಾರ್ಥನೆ.

ರಾಯರು ಪ್ರಾರ್ಥನೆಯಲ್ಲಿ ನಿಲ್ಲುವವರಲ್ಲ. ಬಂದ ಮರುದಿನವೇ ಪಾಂಡಿ ಬಜಾರಿನಲ್ಲಿ ಒಂದು ಸ್ಲೇಟನ್ನೂ ಬಳಪದ ಪೆಟ್ಟಿಗೆಯನ್ನೂ ಕೊಂಡರು. ಬೆಂಗಳೂರಿನಿಂದ ಬಾಲಪಾಠದ ಪುಸ್ತಕಗಳನ್ನು ತರಿಸಿದ್ದಾರೆ. ಭಾನುವಾರ ಬೆಳಗ್ಗೆ ಅವರ ಮನೆಯ ಹಜಾರದಲ್ಲಿ ಮೊಮ್ಮಗಳೊಡನೆ ಈಗ ನಾಲ್ಕು ಮಕ್ಕಳು ಕೂಡುತ್ತಾರೆ. ಅಆಇಈಯಿಂದ ಆರಂಭಿಸುವ ಬದಲು ಅವರು ತಮ್ಮ ಊರಿನ ಹೆಸರಿನಿಂದಲೇ ಆರಂಭಿಸಿದರಂತೆ: ಪಾ, ಆಮೇಲೆ ಸೊನ್ನೆ, ಡ, ವ. ಕ್ರಮ ತಪ್ಪಿತೆಂದು ಮಾಸ್ತರಿಕೆ ಬಲ್ಲವರು ಆಕ್ಷೇಪಿಸಬಹುದು. ಹುಡುಗಿಗೆ ಮಾತ್ರ ಹಲಗೆಯ ಮೂರನೆಯ ಸಾಲು ಈಗ ಬರುತ್ತದೆ.

ಹೋಗಿ ನೋಡಬೇಕೆನ್ನುವವರಿಗೆ ನಾಲ್ಕು ಮಾತು. ರಾತ್ರಿಯ ರೈಲಿನಲ್ಲಿ ಹೋಗಿ ಮಂಡ್ಯದಲ್ಲಿ ಇಳಿದರೆ ಪಾಂಡವಪುರಕ್ಕೆ ಬಸ್ಸುಗಳಿವೆ. ಕುಂತಿಬೆಟ್ಟವನ್ನು ಬಿಸಿಲೇರುವ ಮುಂಚೆ ಹತ್ತಿ ಇಳಿಯಬೇಕು. ಮಂಡಿನೋವಿನವರು ಬುಡದ ಕೊಳದ ಬಳಿ ಕುಳಿತರೂ ನಷ್ಟವಿಲ್ಲ. ದರಿಯಾ ದೌಲತ್‌ನಲ್ಲಿ ಚಿತ್ರದ ಮುಂದೆ ಅರ್ಧ ಗಂಟೆಯಾದರೂ ನಿಲ್ಲಿ. ಮಕ್ಕಳಿಗೆ ಮುಂಚೆಯೇ ಕಥೆ ಹೇಳಿರಿ. ತೊಣ್ಣೂರಿನ ಕೆರೆ ಆಳವಾದದ್ದು, ಮಕ್ಕಳ ಕೈ ಬಿಡಬೇಡಿ. ಸಂಕ್ರಾಂತಿಯ ಆಸುಪಾಸಿಗೆ ಹೋದರೆ ಆಲೆಮನೆಯಲ್ಲಿ ಬಿಸಿ ಬೆಲ್ಲ ಸಿಕ್ಕೀತು.

ಫ್ರಾನ್ಸಿನ ಊರಿನ ಬಗ್ಗೆ ಕೇಳಿದ ಸೋದರಿಗೆ ನಮ್ಮ ಉತ್ತರ ಇದು. ಅವರ ಮಗಳು ಅಲ್ಲಿಂದಲೇ ಅಲ್ಲಿನ ಒಂದು ಪುಟ್ಟ ಊರಿನ ಕಥೆಯನ್ನು ಕನ್ನಡದಲ್ಲಿ ಬರೆದು ಕಳುಹಿಸಿದರೆ ಈ ಪುಟವನ್ನು ಸಂತೋಷದಿಂದ ಬಿಟ್ಟುಕೊಡುತ್ತೇವೆ. ಉಳಿದ ಓದುಗರಲ್ಲೂ ಒಂದು ಕೋರಿಕೆ. ನಿಮ್ಮ ನಿಮ್ಮ ಊರಿಗೆ ಹಿಂದೆ ಬೇರೆ ಹೆಸರೇನಾದರೂ ಇತ್ತೇ? ಮನೆಯ ಹಿರಿಯರನ್ನು ಕೇಳಿ, ಒಂದು ಕಾಗದದಲ್ಲಿ ಬರೆದು ನಮಗೆ ಕಳುಹಿಸಿ. ಬರೆಯುವ ಕೆಲಸವನ್ನು ಮಾತ್ರ ಮನೆಯ ಮಕ್ಕಳ ಕೈಯಲ್ಲಿ ಮಾಡಿಸಿ. ಅಕ್ಷರ ಸೊಟ್ಟಗಿದ್ದರೆ ಚಿಂತೆಯಿಲ್ಲ, ನಾವು ಓದಿಕೊಳ್ಳುತ್ತೇವೆ.